ಉಡವನ್ನು ಸಾಕಿದವರುಂಟೆ?

ಮನುಷ್ಯನು ತನ್ನ ಅಂಗಳಕ್ಕೆ ಕರೆತಂದ ಪ್ರಾಣಿಗಳ ಕಥೆ ಬಹುಮಟ್ಟಿಗೆ ಅವನ ನಾಗರಿಕತೆಯ ಕಥೆಯೇ ಆಗಿದೆ. ಹಸು ಬಂದ ಮೇಲೆ ಹಟ್ಟಿ ಬೆಳೆಯಿತು. ಕುದುರೆ ಬಂದ ಮೇಲೆ ರಾಜ್ಯಗಳು ಹಿಗ್ಗಿದವು. ನಾಯಿ ಬಂದ ಮೇಲೆ ರಾತ್ರಿಯ ನಿದ್ರೆ ನಿಶ್ಚಿಂತವಾಯಿತು. ಈ ಸಾಲಿನಲ್ಲಿ ಹಲ್ಲಿಯ ಕುಲಕ್ಕೆ ಎಲ್ಲಿ ಸ್ಥಾನ? ಕರೆಯದೆ ಬಂದು ಗೋಡೆಯ ಮೇಲೆ ನೆಲೆಸಿದ ಮನೆಹಲ್ಲಿಯ ಮಾತು ಬೇರೆ. ಅದನ್ನು ನಾವು ಸಾಕಿದ್ದಲ್ಲ, ಸಹಿಸಿದ್ದು. ಅದು ಲೊಚಗುಟ್ಟಿದಾಗ ಶಕುನ ಕೇಳಿದೆವು, ಮೈಮೇಲೆ ಬಿದ್ದಾಗ ಪಂಚಾಂಗ ತೆರೆದೆವು. ಅದಕ್ಕೆ ಒಂದು ತುತ್ತು ಹಾಕಿದವರು ಯಾರೂ ಇಲ್ಲ.

ಇತ್ತೀಚಿನ ವರ್ಷಗಳಲ್ಲಿ ಮಾತ್ರ ನಮ್ಮ ನಗರಗಳ ಕೆಲವು ಮನೆಗಳಲ್ಲಿ ಒಂದು ಹೊಸ ಅಭಿರುಚಿ ಕಾಣಿಸಿಕೊಂಡಿದೆ. ಗಾಜಿನ ಪೆಟ್ಟಿಗೆಯೊಳಗೆ ಪರದೇಶದ ಹಲ್ಲಿಗಳನ್ನೂ ಓತಿಗಳನ್ನೂ ಇಟ್ಟು ಸಾಕುವುದು, ಮೊಟ್ಟೆಯಿಡಿಸಿ ಮರಿ ಮಾಡಿಸುವುದು ಒಂದು ಹವ್ಯಾಸವಾಗಿದೆ. ಇದು ಕೇವಲ ಹೊಸಗಾಲದ ಚಪಲವೆನ್ನುವವರಿಗೆ ವಿಜಯಪುರದ ಸೀಮೆ ಒಂದು ಹಳೆಯ ಕಥೆಯನ್ನು ನೆನಪಿಸುತ್ತದೆ. ಸಾಕಿದ ಉಡವೊಂದು ಕೋಟೆಯನ್ನೇ ಗೆದ್ದುಕೊಟ್ಟಿತೆಂಬ ಕಥೆ ಅದು. ಆ ಕಥೆಯಲ್ಲಿ ನಿಜವೆಷ್ಟು, ನಮ್ಮ ಹಿಂದಿನವರು ಉಡವನ್ನು ನಿಜವಾಗಿ ಸಾಕಿದ್ದರೇ ಎಂಬುದನ್ನು ವಿಚಾರಿಸುವುದು ಈ ಭಾಷಣದ ಉದ್ದೇಶ.

ವಿಜಯಪುರ ನಗರದಿಂದ ನೈರುತ್ಯಕ್ಕೆ ಹೊರಟು, ಬಬಲೇಶ್ವರವನ್ನು ಹಾದು, ಗಲಗಲಿಯ ಬಳಿ ಕೃಷ್ಣೆಯನ್ನು ದಾಟಿದರೆ ಮುಧೋಳದ ಸೀಮೆ ಸಿಗುತ್ತದೆ. ಕವಿಚಕ್ರವರ್ತಿ ರನ್ನನ ಹುಟ್ಟೂರೆಂದು ಸಾಹಿತ್ಯಪ್ರಿಯರಿಗೆಲ್ಲ ಪರಿಚಿತವಾದ ಊರು ಅದು. 1997ರವರೆಗೆ ಇದು ವಿಜಯಪುರ, ಅಂದರೆ ಆಗಿನ ಬಿಜಾಪುರ ಜಿಲ್ಲೆಗೇ ಸೇರಿತ್ತು. ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಇಲ್ಲಿ ಆಳಿದವರು ಘೋರ್ಪಡೆ ಮನೆತನದವರು. ಮರಾಠಿಯಲ್ಲಿ ‘ಘೋರಪಡ’ ಎಂದರೆ ಉಡ. ಹುಲಿಯ ಹೆಸರನ್ನೋ ಸಿಂಹದ ಹೆಸರನ್ನೋ ಹೊತ್ತ ರಾಜವಂಶಗಳು ನಮ್ಮಲ್ಲಿ ಅನೇಕ; ನೆಲದ ಮೇಲೆ ಹೊಟ್ಟೆಯೆಳೆದು ನಡೆಯುವ ಉಡದ ಹೆಸರನ್ನು ಅಭಿಮಾನದಿಂದ ಹೊತ್ತ ವಂಶ ಇದೊಂದೇ ಇರಬೇಕು.

ಈ ಹೆಸರು ಬಂದ ಬಗೆಯನ್ನು ಮನೆತನದ ಪರಂಪರೆ ಹೀಗೆ ಹೇಳುತ್ತದೆ. ಬಹಮನಿ ಸುಲ್ತಾನರ ಪ್ರಧಾನಿ ಮಹಮೂದ್ ಗವಾನನು ಸಹ್ಯಾದ್ರಿಯ ಖೇಳಣಾ ಕೋಟೆಗೆ ಮುತ್ತಿಗೆ ಹಾಕಿದ್ದನು. ಮುಂದೆ ಶಿವಾಜಿಯ ಕಾಲದಲ್ಲಿ ವಿಶಾಲಗಡವೆಂದು ಹೆಸರಾದ ಕೋಟೆ ಅದು. ಸುತ್ತಲೂ ದಟ್ಟ ಕಾಡು, ಕಡಿದಾದ ಕಣಿವೆ. 1453ರಲ್ಲಿ ಅದೇ ಕೋಟೆಯ ದಾರಿಯಲ್ಲಿ ಬಹಮನಿಗಳ ಒಂದು ಸೈನ್ಯ ಕಾಡಿನ ನಡುವೆ ಸಿಕ್ಕಿ ನಾಶವಾಗಿತ್ತು. ಇಂತಹ ಕೋಟೆಯ ಗೋಡೆಗೆ ಕರ್ಣಸಿಂಹನೆಂಬ ವೀರನು ಉಡಗಳ ಸೊಂಟಕ್ಕೆ ಹಗ್ಗ ಕಟ್ಟಿ ಹತ್ತಿಸಿದನಂತೆ. ಅವು ಮೇಲೆ ಹೋಗಿ ಕಲ್ಲನ್ನು ಕಚ್ಚಿಕೊಂಡು ನಿಂತಾಗ ಆತನ ಜನರು ಹಗ್ಗ ಹಿಡಿದು ಏರಿದರಂತೆ. ಕೋಟೆ ಕೈವಶವಾಯಿತು, ಕರ್ಣಸಿಂಹನು ಕಾಳಗದಲ್ಲಿ ಮಡಿದನು. ಅವನ ಮಗ ಭೀಮಸಿಂಹನಿಗೆ ಸುಲ್ತಾನ ಮೂರನೆಯ ಮುಹಮ್ಮದ್ ಶಹನು 1471ರಲ್ಲಿ ‘ರಾಜಾ ಘೋರ್ಪಡೆ ಬಹಾದ್ದೂರ್’ ಎಂಬ ಬಿರುದನ್ನೂ ಮುಧೋಳದ ಜಹಗೀರನ್ನೂ ದಯಪಾಲಿಸಿದನೆಂದು ಮನೆತನದಲ್ಲಿದ್ದ ಫರ್ಮಾನು ಹೇಳುತ್ತದೆ.

ಬಹಮನಿ ರಾಜ್ಯ ಒಡೆದ ಮೇಲೆ ಈ ಮನೆತನ ವಿಜಯಪುರದ ಆದಿಲಶಾಹಿಗಳ ಸೇವೆಯಲ್ಲಿ ಬೆಳೆಯಿತು. 1648ರಲ್ಲಿ ಜಿಂಜಿಯ ಬಳಿ ಶಹಾಜಿ ಭೋಸಲೆಯ ಬಂಧನವಾದಾಗ ಅದರಲ್ಲಿ ಮುಧೋಳದ ಬಾಜಿ ಘೋರ್ಪಡೆಯ ಕೈ ಇತ್ತು. 1664ರಲ್ಲಿ ಶಹಾಜಿಯ ಮಗ ಶಿವಾಜಿ ಮುಧೋಳದ ಮೇಲೆ ಏರಿ ಬಂದು ಬಾಜಿಯನ್ನು ಕೊಂದು ಆ ಹಗೆಯನ್ನು ತೀರಿಸಿಕೊಂಡನು. ಹೀಗೆ ಉಡದ ಹೆಸರಿನ ಈ ವಂಶವು ದಖನ್ನಿನ ಇತಿಹಾಸದ ದೊಡ್ಡ ತಿರುವುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಆದರೆ ಉಡ ಎಲ್ಲಿ?

ಇತಿಹಾಸದ ವಿದ್ಯಾರ್ಥಿ ಇಲ್ಲಿ ಸ್ವಲ್ಪ ಎಚ್ಚರ ವಹಿಸಬೇಕಾಗುತ್ತದೆ. ಮುಧೋಳದ ಹಳೆಯ ಫರ್ಮಾನುಗಳ ನೈಜತೆಯ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ವಿಜಯಪುರದಲ್ಲಿಯೇ ಕುಳಿತು, ಎರಡನೆಯ ಇಬ್ರಾಹಿಂ ಆದಿಲಶಹನ ಆಶ್ರಯದಲ್ಲಿ ದಖನ್ನಿನ ಚರಿತ್ರೆಯನ್ನು ಬರೆದ ಫೆರಿಷ್ತಾ ಗವಾನನ ಈ ದಂಡಯಾತ್ರೆಯನ್ನು ವರ್ಣಿಸುತ್ತಾನೆ. ಮಳೆಗಾಲದಲ್ಲಿ ಮುತ್ತಿಗೆಯನ್ನು ಹಿಂತೆಗೆದುಕೊಂಡು ಮತ್ತೆ ಬಂದು ಕೋಟೆ ಪಡೆದ ಸಂಗತಿಯನ್ನೂ ಹೇಳುತ್ತಾನೆ. ಅವನ ಕಥನದಲ್ಲಿ ಉಡಕ್ಕೆ ಪಾತ್ರವಿಲ್ಲ.

ಇದೇ ಕಥೆ ಇನ್ನೊಂದು ಕೋಟೆಗೂ ಅಂಟಿಕೊಂಡಿರುವುದು ಗಮನಾರ್ಹ. 1670ರ ಫೆಬ್ರುವರಿಯ ಒಂದು ರಾತ್ರಿ ತಾನಾಜಿ ಮಾಲುಸರೆ ಸಿಂಹಗಡವನ್ನು ಏರಿದಾಗ ‘ಯಶವಂತಿ’ ಎಂಬ ಸಾಕಿದ ಉಡ ಅವನಿಗೆ ಹಗ್ಗ ಒಯ್ದು ಕೊಟ್ಟಿತೆಂದು ಮರಾಠಿಯ ಪೊವಾಡದಲ್ಲಿ ಹಾಡುತ್ತಾರೆ. ಆ ಹೋರಾಟ, ತಾನಾಜಿಯ ಮರಣ ಎರಡೂ ಚರಿತ್ರೆ. ಯಶವಂತಿ ಮಾತ್ರ ಕಾವ್ಯ. ಒಂದೇ ಉಪಾಯ ಇನ್ನೂರು ವರ್ಷಗಳ ಅಂತರದಲ್ಲಿ ಎರಡು ಕೋಟೆಗಳಲ್ಲಿ ಫಲಿಸಿತೆಂದು ನಂಬುವುದಕ್ಕಿಂತ, ಒಂದೇ ಕಥೆ ಎರಡು ಕೋಟೆಗಳನ್ನು ಏರಿತೆಂದು ತಿಳಿಯುವುದು ಸುಲಭ.

ಪ್ರಾಣಿಯ ಸ್ವಭಾವವೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಬಾಲವೂ ಸೇರಿ ಐದಡಿ ಮೀರಬಲ್ಲ ಉಡ ಮೊಸಳೆ, ಆಮೆಗಳನ್ನು ಬಿಟ್ಟರೆ ನಮ್ಮ ಬಯಲುಸೀಮೆಯ ಅತಿ ದೊಡ್ಡ ಕಾಲುಳ್ಳ ಸರೀಸೃಪ. ಆದರೆ ಅದರ ತೂಕ ಏಳು ಕಿಲೋ ದಾಟುವುದು ಅಪರೂಪ. ‘ಉಡದ ಪಟ್ಟು’ ಎಂಬ ಮಾತು ಸುಳ್ಳಲ್ಲ. ಬೆನ್ನಟ್ಟಿದಾಗ ಅದು ಕಲ್ಲಿನ ಬಿರುಕಿಗೆ ನುಗ್ಗುತ್ತದೆ; ಗಾಳಿಯೆಳೆದು ಮೈಯುಬ್ಬಿಸುತ್ತದೆ; ಉಗುರುಗಳನ್ನು ಕಲ್ಲಿಗೆ ಊರಿ ನಿಲ್ಲುತ್ತದೆ. ಆಗ ಅದನ್ನು ಹೊರಕ್ಕೆಳೆಯುವುದು ಬಲಶಾಲಿಗೂ ಕಷ್ಟ. ಆದರೆ ಅದು ಪ್ರಾಣಭಯದ ಪಟ್ಟು, ಸ್ವಾಮಿನಿಷ್ಠೆಯ ಪಟ್ಟಲ್ಲ. ತೆರೆದ ಗೋಡೆಯ ಮೇಲೆ, ಯಜಮಾನನ ಸನ್ನೆಗೆ ಕಾದು, ಆಯುಧ ಹೊತ್ತ ಆಳಿನ ಭಾರವನ್ನು ತಾಳಿಕೊಂಡು ನಿಲ್ಲಲು ಅದಕ್ಕೆ ಶಕ್ತಿಯೂ ಇಲ್ಲ, ಕಾರಣವೂ ಇಲ್ಲ. ಉಡದಂತೆ ಬಂಡೆಯೇರಬಲ್ಲ ಜನರಿಗೋ, ಕೊಕ್ಕೆಯುಳ್ಳ ಹಗ್ಗಕ್ಕೋ ಮೊದಲು ಬಂದ ಹೆಸರು ಕಾಲಾಂತರದಲ್ಲಿ ಪ್ರಾಣಿಯ ಕಥೆಯಾಯಿತೆಂಬ ಊಹೆಯನ್ನು ಕೆಲವರು ಮಾಡಿದ್ದಾರೆ. ಅದು ಅಸಂಭವವೇನಲ್ಲ.

ಇನ್ನು ಗ್ರಂಥಗಳ ಸಾಕ್ಷ್ಯವನ್ನು ನೋಡೋಣ. ಒಂದು ಪ್ರಾಣಿಯನ್ನು ಸಮಾಜ ನಿಜವಾಗಿ ಸಾಕಿದ್ದರೆ ಅದಕ್ಕೊಂದು ಶಾಸ್ತ್ರ ಹುಟ್ಟುತ್ತದೆ. ಅದರ ಮೇವು, ರೋಗ, ಮದ್ದು, ಗರ್ಭ, ಲಕ್ಷಣ ಎಲ್ಲವೂ ಬರಹಕ್ಕೆ ಇಳಿಯುತ್ತವೆ. ಕನ್ನಡನಾಡು ಈ ವಿಷಯದಲ್ಲಿ ಬಡವಾಗಿರಲಿಲ್ಲ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ಸುಮಾರು 1125ರಲ್ಲಿ ಕನ್ನಡದಲ್ಲಿಯೇ ‘ಗೋವೈದ್ಯ’ವನ್ನು ರಚಿಸಿದನು. ಕುದುರೆಗಳ ವಿಷಯವಾಗಿ ಅಭಿನವಚಂದ್ರನ ಗ್ರಂಥವಿದೆ. ಕಲ್ಯಾಣದ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಬರೆದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಆನೆ, ಕುದುರೆಗಳ ವಿನೋದವಿದೆ, ಹುಂಜ, ಲಾವಕ್ಕಿ, ಟಗರು, ಕೋಣಗಳ ಕಾಳಗವಿದೆ, ಪಾರಿವಾಳ, ಬೇಟೆನಾಯಿ, ಡೇಗೆ, ಮೀನುಗಳ ಮಾತಿದೆ. ಅರಸನ ವಿನೋದಕ್ಕೆ ಒದಗಿದ ಜೀವಿಗಳ ಆ ದೊಡ್ಡ ಮೆರವಣಿಗೆಯಲ್ಲಿ ಉಡಕ್ಕೆ ಸ್ಥಾನವಿಲ್ಲ.

ವಿಜಯಪುರದ ಅರಮನೆಯ ಕಡೆಗೆ ತಿರುಗಿದರೂ ಇದೇ ಅನುಭವ. ಮೊದಲನೆಯ ಅಲಿ ಆದಿಲಶಹನ ಕಾಲದಲ್ಲಿ, 1570ರಲ್ಲಿ ಸಿದ್ಧವಾದ ‘ನುಜೂಮ್ ಅಲ್-ಉಲೂಮ್’ ಎಂಬ ಸಚಿತ್ರ ಗ್ರಂಥದಲ್ಲಿ ಆನೆಗೂ ಕುದುರೆಗೂ ಪ್ರತ್ಯೇಕ ಪ್ರಕರಣಗಳಿವೆ. ‘ಕಿತಾಬ್-ಎ-ನವರಸ್’ ರಚಿಸಿದ ಎರಡನೆಯ ಇಬ್ರಾಹಿಂ ತನ್ನ ಮೆಚ್ಚಿನ ಆನೆ ಆತಶ್ ಖಾನನನ್ನು ತನ್ನ ಹಾಡುಗಳಲ್ಲಿ ಹೆಸರಿಸಿ ಅಮರನನ್ನಾಗಿಸಿದನು. ಡೇಗೆಯನ್ನು ಕೈಯಲ್ಲಿ ಹಿಡಿದು ಕುದುರೆಯೇರಿದ ಅವನ ಚಿತ್ರವೂ ಉಳಿದುಬಂದಿದೆ. ಪ್ರೀತಿಸಿ ಸಾಕಿದ ಪ್ರಾಣಿಗಳಿಗೆ ಅರಮನೆ ಹೆಸರು ಕೊಟ್ಟಿತು, ಹಾಡು ಕೊಟ್ಟಿತು, ಬಣ್ಣ ಕೊಟ್ಟಿತು.

ಮುಧೋಳದ ನಿದರ್ಶನವಂತೂ ಇನ್ನೂ ಸ್ವಾರಸ್ಯಕರವಾಗಿದೆ. ಉಡದ ಹೆಸರು ಹೊತ್ತ ಅರಸರು ನಿಜವಾಗಿ ಸಾಕಿ, ತಳಿಯಾಗಿ ತಿದ್ದಿ, ಲೋಕಪ್ರಸಿದ್ಧಗೊಳಿಸಿದ್ದು ನಾಯಿಯನ್ನು! ಸಣಕಲು ನಡುವಿನ, ಉದ್ದ ಮೋರೆಯ, ಗಾಳಿಯಂತೆ ಓಡುವ ಮುಧೋಳ ನಾಯಿಯ ಕೀರ್ತಿ ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನವರೆಗೂ ತಲಪಿತೆಂದು ಹೇಳುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನ ಕೇಂದ್ರವಿದೆ. ಹೆಸರು ಉಡದ್ದು, ಅನ್ನ ಹಾಕಿದ್ದು ನಾಯಿಗೆ. ಸಾಕುವುದಕ್ಕೂ ಕಥೆ ಕಟ್ಟುವುದಕ್ಕೂ ಇರುವ ಅಂತರ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿ ಕಂಡೀತು?

ಏಕೆ ಹೀಗಾಯಿತೆಂದರೆ, ನಾಯಿಯ ಬದುಕು ಮನುಷ್ಯನ ಬದುಕಿನೊಡನೆ ಹೊಂದಿಕೊಳ್ಳುತ್ತದೆ. ಗುಂಪಿನಲ್ಲಿ ಬಾಳುವುದು, ನಾಯಕನನ್ನು ಗುರುತಿಸುವುದು ಅದರ ರಕ್ತದಲ್ಲಿಯೇ ಇದೆ. ಎರಡು ತಿಂಗಳಲ್ಲಿ ಮರಿ ಹಾಕುತ್ತದೆ. ಒಬ್ಬ ಮನುಷ್ಯನ ಜೀವಿತಾವಧಿಯಲ್ಲಿ ಹತ್ತಾರು ಪೀಳಿಗೆಗಳನ್ನು ಆರಿಸಿ ಬೆಳೆಸಬಹುದು. ಉಡ ಒಂಟಿ ಜೀವಿ. ಹೊರಗಿನ ಬಿಸಿಲೇ ಅದರ ಒಲೆ. ಬೆಳಿಗ್ಗೆ ಮೈಕಾಯಿಸಿಕೊಳ್ಳದೆ ಅದು ಬೇಟೆಗೆ ಹೊರಡದು. ಚಳಿ ಬಿದ್ದರೆ ಬಿಲ ಸೇರಿ ಮಂಕಾಗುತ್ತದೆ. ಮಳೆಗಾಲದಲ್ಲಿ ನೆಲವನ್ನೋ ಹುತ್ತವನ್ನೋ ಅಗೆದು ಸುಮಾರು ಇಪ್ಪತ್ತು ಮೊಟ್ಟೆಗಳನ್ನಿಟ್ಟು, ಮಣ್ಣು ಮುಚ್ಚಿ ಹೊರಟುಹೋಗುತ್ತದೆ. ಆ ಮೊಟ್ಟೆಗಳು ಒಡೆಯಲು ಆರು ತಿಂಗಳು, ಕೆಲವೊಮ್ಮೆ ಎಂಟು ತಿಂಗಳು ಬೇಕು. ಹೊರಬಂದ ಮರಿಗೆ ತಾಯಿಯ ಪರಿಚಯವೇ ಇಲ್ಲ. ಮನುಷ್ಯನ ಪರಿಚಯ ಎಲ್ಲಿಂದ ಬಂದೀತು? ಈ ಪ್ರಾಣಿಯ ಬದುಕನ್ನು ಆಮೂಲಾಗ್ರವಾಗಿ ವಿವರಿಸುವ ದೊಡ್ಡ ಗ್ರಂಥ ಹೊರಬಂದದ್ದು 1994ರಲ್ಲಿ. ಬರೆದವರು ಅಮೆರಿಕದ ವಿದ್ವಾಂಸ ವಾಲ್ಟರ್ ಆಫೆನ್‌ಬರ್ಗ್. ಉಡಶಾಸ್ತ್ರ ನಮ್ಮ ಅರಮನೆಗಳಲ್ಲಿ ಹುಟ್ಟಲಿಲ್ಲ.

ಹಾಗಾದರೆ ನಮ್ಮ ಪೂರ್ವಿಕರಿಗೆ ಉಡದ ಸಂಬಂಧ ಇರಲಿಲ್ಲವೆ? ಇತ್ತು, ಬೇರೆ ರೀತಿಯಲ್ಲಿತ್ತು. ತಮಿಳಿನ ‘ಉಡುಂಬು’, ತೆಲುಗಿನ ‘ಉಡುಮು’, ಕನ್ನಡದ ‘ಉಡ’ ಒಂದೇ ಬೇರಿನ ಮಾತುಗಳು. ಅಷ್ಟು ಪುರಾತನ ಪರಿಚಯ ಅದು. ಸಂಸ್ಕೃತದಲ್ಲಿ ಇದಕ್ಕೆ ‘ಗೋಧಾ’ ಎಂದು ಹೆಸರು. ತಿನ್ನಬಹುದಾದ ಐದು ಉಗುರಿನ ಪ್ರಾಣಿಗಳಲ್ಲಿ ಮನುಸ್ಮೃತಿ ಇದನ್ನೂ ಎಣಿಸುತ್ತದೆ. ರಾಮಾಯಣದಲ್ಲಿ ಸಾಯುತ್ತಿರುವ ವಾಲಿ ರಾಮನೊಡನೆ ವಾದಿಸುವಾಗಲೂ ಆ ಪಟ್ಟಿ ಬರುತ್ತದೆ. ಬಿಲ್ಲಿನ ಹೆದೆ ತಾಗದಂತೆ ಮಹಾಕಾವ್ಯಗಳ ವೀರರು ಧರಿಸುತ್ತಿದ್ದ ಕೈಗಾಪು ಗೋಧೆಯ ಚರ್ಮದ್ದು. ಪೂರ್ವಭಾರತದ ಶಿಲ್ಪಗಳಲ್ಲಿ ಗೌರಿಯ ಪಾದದ ಬಳಿ ಉಡ ಮಲಗಿದೆ. ಕರ್ನಾಟಕ ಸಂಗೀತದ ಖಂಜಿರಕ್ಕೆ ದೀರ್ಘಕಾಲ ಮುಚ್ಚಿದ್ದು ಉಡದ ತೊಗಲನ್ನೇ. ಅಡಿಗೆ, ಆಯುಧ, ದೇವತೆ, ತಾಳ ಎಲ್ಲದರಲ್ಲಿಯೂ ಉಡವಿದೆ. ದೇವಿಯ ಪಾದದ ಬಳಿಯದೊಂದನ್ನು ಬಿಟ್ಟರೆ, ಉಳಿದೆಡೆಯಲ್ಲೆಲ್ಲ ಅದು ಸತ್ತ ಉಡ. ಈ ಮಾತು ಕಹಿಯಾದರೂ ಹೇಳಲೇಬೇಕಾದದ್ದು.

ಈ ಕಹಿ ಇನ್ನೂ ಮುಗಿದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಉಡವನ್ನು ಹುಲಿ, ಆನೆಗಳ ಜೊತೆಗೆ ಮೊದಲನೆಯ ಅನುಸೂಚಿಯಲ್ಲಿ ಇರಿಸಿದೆ. ಅದನ್ನು ಹಿಡಿಯುವುದು, ಕೊಲ್ಲುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ; ಶಿಕ್ಷೆ ಮೂರು ವರ್ಷದಿಂದ ಏಳು ವರ್ಷದವರೆಗಿನ ಸೆರೆವಾಸ, ಜೊತೆಗೆ ದಂಡ. ಆದರೂ ಅದರ ಮಾಂಸದಿಂದ ನಡುನೋವು ಹೋಗುತ್ತದೆ, ಎಣ್ಣೆಯಿಂದ ಕೀಲುಗಳು ಸಡಿಲಾಗುತ್ತವೆ ಎಂಬ ನಂಬಿಕೆ ಹಳ್ಳಿಗಳಲ್ಲಿಯೂ ಪಟ್ಟಣಗಳಲ್ಲಿಯೂ ಉಳಿದಿದೆ. ಐಶ್ವರ್ಯ ತರುವ ಬೇರೆಂದು ಹೇಳಿ ‘ಹತ್ತಾಜೋಡಿ’ ಎಂಬ ಹೆಸರಿನಲ್ಲಿ ಮಾರುತ್ತಿದ್ದ ವಸ್ತು ಬೇರೇ ಅಲ್ಲ, ಗಂಡು ಉಡದ ಒಣಗಿಸಿದ ಜನನಾಂಗವೆಂಬ ಸಂಗತಿ 2017ರಲ್ಲಿ ವ್ಯಾಪಕವಾಗಿ ಬಯಲಿಗೆ ಬಂದಿತು. ದೇವರ ಕೋಣೆಯಲ್ಲಿ ಕುಂಕುಮ ಹಚ್ಚಿ ಅದನ್ನಿಟ್ಟು ಪೂಜಿಸಿದವರಿಗೆ ತಾವು ಪೂಜಿಸಿದ್ದು ಏನೆಂಬುದು ತಿಳಿದಿರಲಿಲ್ಲ.

ಈ ಹಿನ್ನೆಲೆಯಲ್ಲಿ ಗಾಜಿನ ಪೆಟ್ಟಿಗೆಯ ಹೊಸ ಹವ್ಯಾಸವನ್ನು ನೋಡಬೇಕು. ಇದನ್ನು ಕೇವಲ ಹಳಿಯುವುದು ನ್ಯಾಯವಲ್ಲ. ಸುಮಾರು ಅರ್ಧ ಶತಮಾನದಲ್ಲಿ ಪಾಶ್ಚಾತ್ಯ ದೇಶಗಳ ಹವ್ಯಾಸಿಗಳು ಕೆಲವು ಹಲ್ಲಿಗಳ ಪಾಲನೆಯಲ್ಲಿ, ನಮ್ಮ ಅರಸರು ಉಡದ ವಿಷಯದಲ್ಲಿ ಗಳಿಸದಿದ್ದ ಜ್ಞಾನವನ್ನು ಗಳಿಸಿದ್ದಾರೆ. ಅಫ್ಘಾನಿಸ್ತಾನ, ಪಾಕಿಸ್ತಾನಗಳ ಒಣಬೆಟ್ಟಗಳ ಚುಕ್ಕೆಹಲ್ಲಿಯಾದ ಲೆಪರ್ಡ್ ಗೆಕೊ, ಆಸ್ಟ್ರೇಲಿಯದ ಗಡ್ಡದ ಓತಿ ಇವು ಈಗ ಮನೆಗಳಲ್ಲಿಯೇ ಪೀಳಿಗೆಯಿಂದ ಪೀಳಿಗೆಗೆ ಬೆಳೆಯುತ್ತಿವೆ. ಗೆಕೊ ಒಂದು ಸಲಕ್ಕೆ ಎರಡೇ ಮೊಟ್ಟೆಯಿಡುತ್ತದೆ. ಆ ಮೊಟ್ಟೆಯನ್ನು ಎಷ್ಟು ಶಾಖದಲ್ಲಿಟ್ಟರೆ ಹೆಣ್ಣು, ಎಷ್ಟರಲ್ಲಿ ಗಂಡು ಎಂಬುದು ಕೂಡ ಪಾಲಕನಿಗೆ ಗೊತ್ತು: ಸುಮಾರು 26 ಡಿಗ್ರಿಯಲ್ಲಿ ಬಹುತೇಕ ಹೆಣ್ಣು, 32ರ ಆಚೆ ಈಚೆ ಹೆಚ್ಚಾಗಿ ಗಂಡು.

ಆದರೆ ಈ ಪಾಲನೆ ಸುಲಭವೆಂದು ತಿಳಿದವರು ಪ್ರಾಣಿಯನ್ನು ಕೊಲ್ಲುತ್ತಾರೆ. ಪೆಟ್ಟಿಗೆಯ ಒಂದು ತುದಿ ಬೆಚ್ಚಗೂ ಇನ್ನೊಂದು ತುದಿ ತಂಪಾಗಿಯೂ ಇರಬೇಕು. ತನಗೆ ಬೇಕಾದ ಶಾಖವನ್ನು ಪ್ರಾಣಿ ತಾನೇ ನಡೆದು ಆರಿಸಿಕೊಳ್ಳುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟಿದಾಗ ಮುಚ್ಚಿದ ಗಾಜಿನ ಪೆಟ್ಟಿಗೆ ಒಲೆಯೇ ಆಗುತ್ತದೆ. ಕಿಟಕಿಯ ಬಳಿ ಇಟ್ಟರೆ ಬಿಸಿಲು ಸಿಕ್ಕಿತೆಂಬುದೂ ಭ್ರಮೆ. ಹಗಲು ಮೈಕಾಯಿಸುವ ಓತಿಗಳ ಮೂಳೆಗೆ ಬೇಕಾದ ಅತಿನೇರಳೆ ಕಿರಣಗಳನ್ನು ಗಾಜು ತಡೆದುಬಿಡುತ್ತದೆ. ಅದಕ್ಕೆ ಪ್ರತ್ಯೇಕ ದೀಪ ಬೇಕು, ಆಹಾರದಲ್ಲಿ ಸುಣ್ಣದಂಶ ಬೇಕು. ಇಲ್ಲದಿದ್ದರೆ ಮೂಳೆ ಮೆತ್ತಗಾಗಿ, ದವಡೆ ಬಾಗಿ, ಪ್ರಾಣಿ ತಿಂಗಳುಗಟ್ಟಲೆ ನರಳಿ ಸಾಯುತ್ತದೆ. ಅದು ಕೂಗುವುದಿಲ್ಲವಾದ್ದರಿಂದ ಆ ನರಳಿಕೆ ಮನೆಯವರಿಗೆ ಕೇಳಿಸುವುದೂ ಇಲ್ಲ. ಅಂಗೈಯಷ್ಟಿದ್ದಾಗ ಕೊಂಡ ಇಗುವಾನ ಕೆಲವೇ ವರ್ಷಗಳಲ್ಲಿ ನಾಲ್ಕೈದು ಅಡಿ ಬೆಳೆದು ಕೋಣೆಯನ್ನೇ ಕೇಳುತ್ತದೆ. ಕಾನೂನೂ ಈಗ ಬಿಗಿಯಾಗಿದೆ: 2022ರ ತಿದ್ದುಪಡಿಯ ಅನ್ವಯ 2024ರಲ್ಲಿ ಬಂದ ನಿಯಮಗಳ ಪ್ರಕಾರ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪರದೇಶಿ ಜೀವಿಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು, ಇಗುವಾನ ಆ ಪಟ್ಟಿಯಲ್ಲಿದೆ. ನಮ್ಮ ನೆಲದ ಉಡಕ್ಕಾದರೋ ನೋಂದಣಿಯ ಮಾತೇ ಇಲ್ಲ, ನಿಷೇಧವೊಂದೇ.

ಅಂದಮೇಲೆ ಉಡದ ಪಾಲನೆ ನಮ್ಮಿಂದ ಆಗದ ಕೆಲಸವೆ? ಆಗುವ ಕೆಲಸವೇ, ಆದರೆ ಮನೆಯೊಳಗೆ ಅಲ್ಲ. ವಿಜಯಪುರದ ಸುತ್ತಣ ನೆಲ ಉಡಕ್ಕೆ ಹೇಳಿ ಮಾಡಿಸಿದಂತಿದೆ: ಕಲ್ಲುಗುಪ್ಪೆಯ ಬದು, ಹುತ್ತ, ಹಾಳುಗೋಡೆ, ಜಾಲಿಯ ನೆರಳು, ಡೋಣಿ ನದಿಯ ಕರಿನೆಲ, ಮಮದಾಪುರದ ಹಳೆಯ ಕೆರೆಯಂಗಳ. ಇಲಿ, ಕೀಟ, ಏಡಿ, ಸತ್ತ ಪ್ರಾಣಿಯ ಅವಶೇಷ, ಎಲ್ಲವನ್ನೂ ತಿಂದು ಅದು ಹೊಲವನ್ನು ಚೊಕ್ಕಟವಾಗಿಡುತ್ತದೆ. ಬೇಡದೆ ದುಡಿಯುವ ಆಳು ಅದು. ಈ ಸೀಮೆ ಈಗ ಬದಲಾಗುತ್ತಿದೆ. ತಿಕೋಟದ ಕಡೆ ದ್ರಾಕ್ಷಿಯ ಚಪ್ಪರಗಳು ಹಬ್ಬಿವೆ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬರಡು ಎತ್ತರಗಳನ್ನು ಏರಿದೆ. ಬರದಲ್ಲಿ ಬೆಂದ ಜನಕ್ಕೆ ಇದು ಭಾಗ್ಯವೇ ಸರಿ. ಅದರ ಬಗ್ಗೆ ಯಾರೂ ಹೊಟ್ಟೆಕಿಚ್ಚು ಪಡಬೇಕಾಗಿಲ್ಲ. ಆದರೆ ಬದು ಕಿರಿದಾದಷ್ಟೂ, ಹುತ್ತ ನೆಲಸಮವಾದಷ್ಟೂ, ಔಷಧಿಯ ಸಿಂಪಡಣೆ ಹೆಚ್ಚಿದಷ್ಟೂ ಉಡಕ್ಕೆ ಮೊಟ್ಟೆಯಿಡಲು ನೆಲ ಕಡಿಮೆಯಾಗುತ್ತದೆ. ಎಂಟು ತಿಂಗಳು ಮಣ್ಣಿನಲ್ಲಿ ಅಲುಗದೆ ಇರಬೇಕಾದ ಮೊಟ್ಟೆಗೆ ವರ್ಷಕ್ಕೆ ಎರಡು ಮೂರು ಸಲ ಅಗೆಯುವ ನೆಲ ಸಮಾಧಿಯೇ.

ಹೊಲದ ಒಂದು ಮೂಲೆಯಲ್ಲಿ ಒಂದು ಹುತ್ತವನ್ನು, ಒಂದು ಕಲ್ಲುಗುಪ್ಪೆಯನ್ನು ಉಳಿಸಿದವನೇ ಉಡವನ್ನು ಸಾಕಿದವನು. ಅವನಿಗೆ ಪೆಟ್ಟಿಗೆ ಬೇಡ, ದೀಪ ಬೇಡ. ಮಾಂಸಕ್ಕಾಗಿ ಹಿಡಿಯಲು ಬಂದವರಿಗೆ ಬೇಡವೆಂದು ಹೇಳುವ ಧೈರ್ಯ ಸಾಕು.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ 1980ರಲ್ಲಿ ಪ್ರಕಟವಾದಾಗ ಕನ್ನಡದ ಓದುಗರು ಮೊದಲ ಬಾರಿಗೆ ಒಂದು ಓತಿಯ ಹಿಂದೆ ಕಾಡು ಹೊಕ್ಕರು. ಅಷ್ಟು ಜನ ಅಷ್ಟು ಕಷ್ಟಪಟ್ಟು ಹುಡುಕಿದ ಹಾರುವ ಓತಿ ಕೊನೆಗೆ ಕೈಗೆ ಸಿಕ್ಕದೆ ಕಣಿವೆಯತ್ತ ತೇಲಿಹೋಗುತ್ತದೆ. ಓದುಗನಿಗೆ ಅದರಿಂದ ನಷ್ಟದ ಭಾವ ಬರುವುದಿಲ್ಲ. ಘೋರ್ಪಡೆ ಹೆಸರಿನ ಇನ್ನೊಂದು ಶಾಖೆಯಾದ ಸಂಡೂರಿನ ಮನೆತನದಲ್ಲಿ ಹುಟ್ಟಿದ ಎಂ. ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಸಚಿವರಾಗಿದ್ದಂತೆಯೇ ವನ್ಯಜೀವಿಗಳ ಹೆಸರಾಂತ ಛಾಯಾಗ್ರಾಹಕರೂ ಆಗಿದ್ದರು. ಉಡದ ಹೆಸರು ಹೊತ್ತವರೊಬ್ಬರು ಕಾಡಿನ ಜೀವಿಗಳ ಎದುರು ಹಗ್ಗವನ್ನಲ್ಲ, ಕ್ಯಾಮೆರವನ್ನು ಹಿಡಿದು ನಿಂತರು.

ಐನೂರು ವರ್ಷಗಳ ಹಿಂದೆ ಉಡ ಕೋಟೆ ಗೆದ್ದುಕೊಟ್ಟಿತೋ ಇಲ್ಲವೋ, ಅದರ ಹೆಸರಿನಲ್ಲಿ ನಾವು ಜಹಗೀರು ಪಡೆದದ್ದಂತೂ ನಿಜ. ಅದಕ್ಕೆ ಪ್ರತಿಯಾಗಿ ಹೊಲದಂಚಿನ ನಾಲ್ಕು ಮಾರು ನೆಲವನ್ನು ಅದಕ್ಕೆ ಬಿಟ್ಟುಕೊಡುವುದು ದೊಡ್ಡ ದಾನವೇನೂ ಆಗಲಾರದು.